ಮಗಳ ರಕ್ತದಲ್ಲಿ ಸೀಸ ಜಾಸ್ತಿ ಬಂದಿದೆ. ಅಡುಗೆಮನೆಯಲ್ಲಿ ಏನನ್ನು ಮೊದಲು ಅನುಮಾನಿಸಬೇಕು?

ಸಾರುಪ್ರಿಯೆ
ನಾವು ಮೈಸೂರಿನವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಮಕ್ಕಳಿಗೆ ವರ್ಷ ತುಂಬಿದಾಗ ಒಮ್ಮೆ, ಎರಡು ತುಂಬಿದಾಗ ಒಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುತ್ತಾರೆ. ಮಗಳಿಗೆ ಮೊದಲು ಬೆರಳು ಚುಚ್ಚಿ ನೋಡಿದರು, ಜಾಸ್ತಿ ಬಂತು. ಆಮೇಲೆ ತೋಳಿನಿಂದ ರಕ್ತ ತೆಗೆದರು. 8.4 ಬಂದಿದೆ. ಇಲ್ಲಿ 3.5 ಮುಟ್ಟಿದರೆ ಕಾರಣ ಹುಡುಕಿ ಅಂತಾರೆ.

ಮನೆಯ ಗೋಡೆಯ ಬಣ್ಣ ಹಳೇದಾ ಅಂತ ಡಾಕ್ಟರ್ ಕೇಳಿದರು. ಅಲ್ಲ, ಕಟ್ಟಡ 2009ರದು. ಆಗ ಒಂದು ಹಾಳೆ ಕೈಗಿಟ್ಟರು. ಅರಿಶಿನ, ಕುಂಕುಮ, ಕಾಡಿಗೆ, ಹಿತ್ತಾಳೆ ಪಾತ್ರೆ, ಆಯುರ್ವೇದದ ಔಷಧಿ, ಅಲ್ಯೂಮಿನಿಯಂ ಪಾತ್ರೆ. ಎಲ್ಲವೂ ನಮ್ಮನೆಯಲ್ಲಿವೆ!

ಊರಿಂದ ಅತ್ತೆ ಕಳಿಸಿದ ಅರಿಶಿನ ಮತ್ತು ಸಾರಿನ ಪುಡಿ, ಹಳೇ ಅಲ್ಯೂಮಿನಿಯಂ ಕುಕ್ಕರ್, ಸಾರಿಗೆ ಅಂತಲೇ ಈಯದ (ಅಂದರೆ ತವರದ) ಚೊಂಬು, ಹಿತ್ತಾಳೆ ದೀಪ, ಗಂಟೆ. ಕಾಡಿಗೆ ಹಚ್ಚುವುದಿಲ್ಲ. ಗಂಡ ಎಲ್ಲಾ ಎಸೆದುಬಿಡು ಅಂತಾನೆ. ಅತ್ತೆ ವಿಡಿಯೋ ಕಾಲ್‌ನಲ್ಲಿ ಮಾತು ಬಿಟ್ಟಿದ್ದಾರೆ. ಯಾರಿಗಾದರೂ ಅನುಭವ ಇದೆಯಾ?

ಗಾಂಧಿಬಜಾರ್_ಗುಂಡ
ಅತ್ತೆಗೆ ಹೇಳಿದ್ದೇ ತಪ್ಪು ಬಿಡಿ. ಸೀಸ ಇಳಿಯುತ್ತೆ, ಅದು ಇಳಿಯಲ್ಲ.

ಹಾಸನದ_ಡಾಕ್ಟ್ರಮ್ಮ
ಮಕ್ಕಳ ಡಾಕ್ಟರ್ ನಾನು. ಮೊದಲು ಉಸಿರು ಬಿಡಿ. 8.4 ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 8.4 ಮೈಕ್ರೋಗ್ರಾಂ. ಆಸ್ಪತ್ರೆಗೆ ಸೇರಿಸುವ ಸ್ಥಿತಿ ಅಲ್ಲ. ಸೀಸವನ್ನು ಹೊರಗೆ ಎಳೆಯುವ ಔಷಧಿ ಸಾಮಾನ್ಯವಾಗಿ 45 ಮುಟ್ಟಿದ ಮೇಲೆ ಕೊಡುವುದು. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. ಇಷ್ಟರವರೆಗೆ ಅಪಾಯವಿಲ್ಲ ಅಂತ ಹೇಳಬಹುದಾದ ಮಟ್ಟವೇ ಸೀಸಕ್ಕೆ ಗೊತ್ತಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿದುಳು ಬೆಳೆಯುವ ವಯಸ್ಸು ಬೇರೆ.

ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ಒಳಗೆ ಸೇರುತ್ತದೆ. ಪುಟ್ಟ ಮಕ್ಕಳಲ್ಲಿ ಅರ್ಧದ ಹತ್ತಿರ ಹೋಗುತ್ತದೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಆದ್ದರಿಂದ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) ನೋಡಿಸಿ. ರಾಗಿ, ಸೊಪ್ಪು, ಬೇಳೆ, ಜೊತೆಗೆ ನಿಂಬೆಹಣ್ಣು ಅಥವಾ ಕಿತ್ತಳೆ ಕೊಡಿ. ಮಗುವನ್ನು ಹಸಿದ ಹೊಟ್ಟೆಯಲ್ಲಿ ಬಿಡಬೇಡಿ, ಖಾಲಿ ಹೊಟ್ಟೆಯಲ್ಲಿ ಸೀಸ ಬೇಗ ಹೀರುತ್ತದೆ.

ಮೂಲ ನಿಂತರೆ ರಕ್ತದಲ್ಲಿರುವುದು ತಿಂಗಳುಗಟ್ಟಲೆ ತೆಗೆದುಕೊಂಡು ಇಳಿಯುತ್ತದೆ. ಮೂಳೆಗೆ ಸೇರಿದ್ದು ಮಾತ್ರ ವರ್ಷಾನುಗಟ್ಟಲೆ ಅಲ್ಲೇ ಕೂತಿರುತ್ತದೆ. ಇನ್ನೊಂದು ಪ್ರಶ್ನೆ: ಮಗು ಏನೇನು ಬಾಯಿಗೆ ಹಾಕಿಕೊಳ್ಳುತ್ತದೆ?

ಸಾರುಪ್ರಿಯೆ
@ಹಾಸನದ_ಡಾಕ್ಟ್ರಮ್ಮ ಏನು ಹಾಕಲ್ಲ ಹೇಳಿ! ರಿಮೋಟ್, ಚಪ್ಪಲಿ, ದೇವರ ಮನೆಯ ಗಂಟೆ. ಗಂಟೆ ಅಂದರೆ ಪ್ರಾಣ, ಕೈಗೆ ಕೊಟ್ಟರೆ ಅರ್ಧ ಗಂಟೆ ಸುಮ್ಮನಿರುತ್ತಾಳೆ.

ಹಾಸನದ_ಡಾಕ್ಟ್ರಮ್ಮ
ಗಂಟೆ ಇವತ್ತೇ ಮೇಲಿಡಿ. ಹಿತ್ತಾಳೆ ಕಡೆಯಲು ಸುಲಭ ಆಗಲಿ ಅಂತ ಅದಕ್ಕೆ ಸ್ವಲ್ಪ ಸೀಸ ಸೇರಿಸುವುದು ಸಾಮಾನ್ಯ.

ಹಳೇಮೈಸೂರು_ಹುಲಿ
ಎಲ್ಲಾ ಅಮೆರಿಕದವರ ಭಯ. ನಮ್ಮಜ್ಜಿ ಜೀವನವಿಡೀ ಈಯದ ಚೊಂಬಿನಲ್ಲೇ ಸಾರು ಮಾಡಿದರು. ತೊಂಬತ್ತು ದಾಟಿದರು, ಕನ್ನಡಕ ಇಲ್ಲದೆ ಪಂಚಾಂಗ ಓದುತ್ತಿದ್ದರು.

ಅರಗಿನ_ಬಣ್ಣ
@ಹಳೇಮೈಸೂರು_ಹುಲಿ ನಿಮ್ಮಜ್ಜಿ ರಕ್ತದಲ್ಲಿ ಸೀಸ ಎಷ್ಟಿತ್ತು? ಗೊತ್ತಿಲ್ಲ ಅಲ್ವಾ. ಯಾರೂ ನೋಡಿರಲಿಲ್ಲ.

ಹಳೇಮೈಸೂರು_ಹುಲಿ
ನೋಡುವ ಅಗತ್ಯ ಬೀಳಲಿಲ್ಲ.

ರಸಾಯನ_ಮೇಷ್ಟ್ರು
ಇಬ್ಬರೂ ಸ್ವಲ್ಪ ತಡೀರಿ. ಅಜ್ಜಿಯ ಚೊಂಬು ನಿಜವಾದ ತವರದ್ದಾಗಿದ್ದರೆ ಏನೂ ಆಗಿರಲಿಕ್ಕಿಲ್ಲ. ತವರ ಅಷ್ಟು ಅಪಾಯದ ಲೋಹವಲ್ಲ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದೂ ಅದರಿಂದಲೇ. ತೊಂದರೆ ಬೆಲೆಯದ್ದು. ಸೀಸಕ್ಕೆ ಹೋಲಿಸಿದರೆ ತವರ ತುಂಬಾ ದುಬಾರಿ. ಎರಡೂ ಮೆತ್ತಗೆ, ಎರಡೂ ಬೇಗ ಕರಗುತ್ತವೆ, ಹೊಳಪೂ ಹತ್ತಿರ ಹತ್ತಿರ. ಬೆರೆಸಿದರೆ ಕಣ್ಣಿಗೆ ಕಾಣಿಸುವುದಿಲ್ಲ.

ಸಾರು ಮಾಡುವ ರೀತಿ ಬೇರೆ ಯೋಚಿಸಿ. ಹುಣಸೆ ರಸ, ಟೊಮೇಟೊ, ಉಪ್ಪು, ಅದರ ಮೇಲೆ ಕುದಿಸುವುದು. ಪಾತ್ರೆಯಿಂದ ಸೀಸ ಬಿಡಿಸಿಕೊಳ್ಳಬೇಕು ಅಂತ ಲ್ಯಾಬ್‌ನಲ್ಲಿ ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಹುಳಿ ಜಾಸ್ತಿ ಆದಷ್ಟೂ, ಕುದಿ ಜಾಸ್ತಿ ಆದಷ್ಟೂ, ರಾತ್ರಿಯಿಡೀ ಅದರಲ್ಲೇ ಬಿಟ್ಟಷ್ಟೂ ಜಾಸ್ತಿ ಇಳಿಯುತ್ತದೆ.

ದಾವಣಗೆರೆ_ಬೆಣ್ಣೆ
ಮೇಷ್ಟ್ರೇ, ಮನೆಯಲ್ಲೇ ಪತ್ತೆ ಮಾಡುವ ದಾರಿ ಇಲ್ವಾ?

ರಸಾಯನ_ಮೇಷ್ಟ್ರು
ಹಳಬರು ಮಾಡುತ್ತಿದ್ದ ಎರಡು ಇವೆ. ಶುದ್ಧ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಕರಕರ ಅಂತ ಸದ್ದು ಬರುತ್ತದೆ, ಒಳಗಿನ ಹರಳುಗಳ ಜೋಡಣೆ ತಟ್ಟನೆ ಬದಲಾಗುವ ಸದ್ದು. ಸೀಸ ಸದ್ದಿಲ್ಲದೆ ಬಾಗುತ್ತದೆ. ಇನ್ನೊಂದು, ಬಿಳಿ ಕಾಗದದ ಮೇಲೆ ಉಜ್ಜುವುದು. ಸೀಸ ಪೆನ್ಸಿಲ್ ಗೀಟಿನ ಥರ ಬೂದು ಗೆರೆ ಬಿಡುತ್ತದೆ. ಆದರೆ ಸ್ವಲ್ಪವೇ ಬೆರೆಸಿದ್ದರೆ ಎರಡರಿಂದಲೂ ಗೊತ್ತಾಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಬಣ್ಣ ತಿರುಗುವ ಕಡ್ಡಿಗಳನ್ನು ನಂಬಿ ಕೂರಬೇಡಿ. ಇದ್ದರೂ ಇಲ್ಲ ಅನ್ನುತ್ತವೆ, ಇಲ್ಲದಿದ್ದರೂ ಇದೆ ಅನ್ನುತ್ತವೆ.

ಸಿಯಾಟಲ್_ಸೋನೆಮಳೆ
ಕುಕ್ಕರ್ ಮರೆಯಬೇಡಿ. ನಮ್ಮ ಸಿಯಾಟಲ್ ಇರುವ ಕಿಂಗ್ ಕೌಂಟಿಯವರು ಅಫ್ಘಾನಿಸ್ತಾನದಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ಸೀಸ ಜಾಸ್ತಿ ಯಾಕೆ ಅಂತ ಹುಡುಕುತ್ತಾ ಹೋಗಿ ಪಾತ್ರೆಗಳ ಹತ್ತಿರ ನಿಂತರು. ಅಲ್ಯೂಮಿನಿಯಂ ಪಾತ್ರೆ, ಕುಕ್ಕರ್‌ಗಳಿಂದ ಸೀಸ ಇಳಿಯುತ್ತಿತ್ತು. ಸ್ಟೀಲಿನಿಂದ ಇಳಿದದ್ದು ತುಂಬಾ ಕಡಿಮೆ. 2022ರಲ್ಲಿ ಅಧ್ಯಯನ ಪ್ರಕಟವಾಯಿತು, 2024ರಲ್ಲಿ ವಾಷಿಂಗ್ಟನ್ ರಾಜ್ಯ ಪಾತ್ರೆಗಳಲ್ಲಿನ ಸೀಸದ ಬಗ್ಗೆ ಕಾನೂನೇ ಮಾಡಿತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಎಫ್‌ಡಿಎ ಕೂಡ ಎಚ್ಚರಿಕೆ ಕೊಟ್ಟಿತು. ಅದರಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ ಜೊತೆಗೆ ಹಿಂಡಾಲಿಯಂ (ಅಲ್ಯೂಮಿನಿಯಂನ ಮಿಶ್ರಲೋಹ) ಹೆಸರೂ ಇದೆ.

ದಾವಣಗೆರೆ_ಬೆಣ್ಣೆ
ಅಯ್ಯೋ, ನಮ್ಮನೆ ಬಾಣಲೆ ಹಿಂಡಾಲಿಯಂ!! ಅಲ್ಯೂಮಿನಿಯಂಗೆ ಸೀಸ ಹೇಗೆ ಬರುತ್ತೆ?

ಸಿಯಾಟಲ್_ಸೋನೆಮಳೆ
ಗುಜರಿಯಿಂದ. ಹಳೇ ಎಂಜಿನ್ ಭಾಗ, ರೇಡಿಯೇಟರ್, ಕಂಪ್ಯೂಟರ್ ಚೂರು ಎಲ್ಲಾ ಒಟ್ಟಿಗೆ ಕರಗಿಸಿ ಎರಕ ಹೊಯ್ದರೆ ಅದರಲ್ಲಿದ್ದದ್ದೆಲ್ಲಾ ಪಾತ್ರೆಗೆ ಬಂತು. ಎಲ್ಲಾ ಪಾತ್ರೆಯೂ ಹಾಗೇ ಅಂತಲ್ಲ. ಯಾವುದು ಹೇಗೆ ಅಂತ ನೋಡಿ ಹೇಳಲು ಆಗುವುದಿಲ್ಲ, ಅಷ್ಟೇ.

ಹಳೇಮೈಸೂರು_ಹುಲಿ
ಇದನ್ನು ಒಪ್ಪುತ್ತೇನೆ. ನಾನು ಹೇಳಿದ್ದೂ ಇದೇ. ಆಗಿನ ಪಾತ್ರೆ ಬೇರೆ, ಈಗಿನದು ಬೇರೆ.

ಅರಗಿನ_ಬಣ್ಣ
ನೀವು ಹೇಳಿದ್ದು ಅದಲ್ಲ ಸಾರ್ 😀

ಕೊಪ್ಪದ_ಕಾಫಿ
ಅರಿಶಿನದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಇದ್ದದ್ದಕ್ಕೆ ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅರಿಶಿನ. ಕೊಂಬು ಪಾಲಿಶ್ ಮಾಡುವಾಗ ಹಳದಿ ಎದ್ದು ಕಾಣಲಿ ಅಂತ ಲೆಡ್ ಕ್ರೋಮೇಟ್ ಹಾಕುತ್ತಿದ್ದರು. ಪೀಠೋಪಕರಣ, ಪ್ಲಾಸ್ಟಿಕ್‌ಗೆ ಹಾಕುವ, ಸೀಸ ಇರುವ ಬಣ್ಣ ಅದು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. ಸರ್ಕಾರ ಗಿರಣಿಗಳ ಮೇಲೆ ದಾಳಿ ಮಾಡಿತು, ಸಗಟು ವ್ಯಾಪಾರಿಗಳಿಗೆ ದಂಡ ಹಾಕಿತು, ಪೇಪರ್‌ನಲ್ಲಿ ಪ್ರಚಾರ ಮಾಡಿತು. 2021ಕ್ಕೆ ಅದು ಸೊನ್ನೆಗೆ ಬಂತು.

ನಮ್ಮ ದೇಶದಲ್ಲಿ? ಆಮೇಲೆ ದಕ್ಷಿಣ ಏಷ್ಯಾದ ನಗರಗಳ ಅರಿಶಿನ ನೋಡಿದಾಗ ಪಾಟ್ನಾದ ಒಂದು ಮಾದರಿಯಲ್ಲಿ ಗ್ರಾಂಗೆ 2000 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಸಿಕ್ಕಿತು. ನಮ್ಮ ಮಿತಿ 10.

ಪಾಲಿಶ್ ಆಗಿ ಫಳಫಳ ಹೊಳೆಯುವ ಕೊಂಬು, ಬಿಡಿ ಪುಡಿ ಎರಡೂ ನನಗೆ ಬೇಡ. ನಮ್ಮ ಕಡೆ ಬೇಯಿಸಿ ಒಣಗಿಸಿದ ಕೊಂಬು ನೋಡಿದವರಿಗೆ ಗೊತ್ತು, ಮಣ್ಣು ಬಣ್ಣ, ಸುಕ್ಕು ಸುಕ್ಕು ಸಿಪ್ಪೆ. ಅದನ್ನು ಕುಟ್ಟಿ ಪುಡಿ ಮಾಡಿಸಿಕೊಳ್ಳಿ.

ಸಾರುಪ್ರಿಯೆ
ಅತ್ತೆ ಕಳಿಸಿದ್ದು ಹಾಗೇ ಕೊಂಬು ತಂದು ಗಿರಣಿಯಲ್ಲಿ ಮಾಡಿಸಿದ್ದು. ಇದನ್ನು ಅವರಿಗೆ ಓದಿ ಹೇಳುತ್ತೇನೆ, ಸ್ವಲ್ಪ ಕರಗಬಹುದು.

ಗಾಂಧಿಬಜಾರ್_ಗುಂಡ
ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರು ಏನು ಬೀಸಿಸಿದ್ದರೋ.

ಬಳ್ಳಾರಿ_ಬಿಸಿಲು
ಬಣ್ಣ ಅಂದಾಗ ನೆನಪಾಯಿತು, ಗೋಬಿ ಮಂಚೂರಿ ಕಥೆ ಏನಾಯ್ತು? ನಮ್ಮೂರ ಗಾಡಿಯಲ್ಲಿ ಮತ್ತೆ ಕೆಂಪಗೆ ಕಾಣಿಸುತ್ತಿದೆ.

ಕೊಪ್ಪದ_ಕಾಫಿ
ಅದು ಸೀಸ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ನಿಷೇಧ ಹಾಕಿದ್ದು ಕೃತಕ ಬಣ್ಣಕ್ಕೆ. ಗೋಬಿಯ 171 ಮಾದರಿಗಳಲ್ಲಿ 107, ಕಾಟನ್ ಕ್ಯಾಂಡಿಯ 25ರಲ್ಲಿ 15 ಅಸುರಕ್ಷಿತ ಅಂತ ಬಂದಿತ್ತು. ಕಾಟನ್ ಕ್ಯಾಂಡಿಯಲ್ಲಿದ್ದದ್ದು ರೋಡಮೈನ್ ಬಿ, ಬಟ್ಟೆಗೆ ಹಾಕುವ ಬಣ್ಣ. ಗೋಬಿಯಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಥರದವು. ಗೋಬಿಯನ್ನೇ ನಿಷೇಧಿಸಿದರು ಅಂತ ಜನ ತಿಳಿದುಕೊಂಡರು, ಹಾಗಲ್ಲ. ಬಿಳಿ ಗೋಬಿ ಎಷ್ಟು ಬೇಕಾದರೂ ತಿನ್ನಿ.

ಬಳ್ಳಾರಿ_ಬಿಸಿಲು
ಬಿಳಿ ಗೋಬಿಗೆ ಯಾರು ದುಡ್ಡು ಕೊಡ್ತಾರೆ.

ದಾವಣಗೆರೆ_ಬೆಣ್ಣೆ
ಮ್ಯಾಗಿಯಲ್ಲಿ ಸೀಸ ಇತ್ತು ಅಂತ ನಿಷೇಧ ಮಾಡಿದ್ದರಲ್ಲ, ಅದೂ ಹೀಗೇನಾ?

ರಸಾಯನ_ಮೇಷ್ಟ್ರು
2015ರದು. ನಿಷೇಧವನ್ನು ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿ, ಮತ್ತೆ ಪರೀಕ್ಷೆ ಮಾಡಿಸಿ ಅಂದಿತು. ಆ ಪರೀಕ್ಷೆಗಳಲ್ಲಿ ಸೀಸ ಮಿತಿಯೊಳಗೆ ಬಂತು, ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಪೊಟ್ಟಣದಲ್ಲಿ ಬರುವ ಒಂದು ತಿಂಡಿಗೆ ದೇಶವೆಲ್ಲಾ ಟಿವಿ ಮುಂದೆ ಕೂತಿತು. ಪಾತ್ರೆ, ಅರಿಶಿನ, ಬ್ಯಾಟರಿ ಬಗ್ಗೆ ಯಾರೂ ಕೂರಲಿಲ್ಲ.

ಪೀಣ್ಯ_ಲೇತು
ಬ್ಯಾಟರಿ ಅಂದಿರಿ, ಹೇಳುತ್ತೇನೆ. ಬೆಂಗಳೂರಲ್ಲಿ ಯುಪಿಎಸ್ ಇಲ್ಲದ ಮನೆ ಕಡಿಮೆ. ಅದರ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ, ಸೀಸದ ಸಂಯುಕ್ತ. ಹಳೇದನ್ನು ಅಂಗಡಿಗೆ ವಾಪಸ್ ಕೊಟ್ಟರೆ ಒಂದಿಷ್ಟು ಕಡಿತ ಸಿಗುತ್ತದೆ. ಗುಜರಿಯವನು ನೂರಿನ್ನೂರು ಜಾಸ್ತಿ ಕೊಡುತ್ತಾನೆ ಅಂತ ಜನ ಅವನಿಗೆ ಕೊಡುತ್ತಾರೆ.

ಆಮೇಲೆ ಏನಾಗುತ್ತೆ ಅಂತ ನಮ್ಮ ಶೆಡ್ ಹಿಂದೆ ಕಣ್ಣಾರೆ ನೋಡಿದ್ದೇನೆ. ಕೊಡಲಿಯಲ್ಲಿ ಮೇಲಿನ ಮುಚ್ಚಳ ಒಡೆಯುತ್ತಾರೆ. ಆಸಿಡ್ ಮೋರಿಗೆ. ಒಳಗಿನ ತಟ್ಟೆಗಳು ಬಾಣಲೆಗೆ, ಕೆಳಗೆ ಇದ್ದಿಲು, ಊದಲು ಒಂದು ಫ್ಯಾನ್. ಹಳದಿ ಬೂದು ಪುಡಿ ಎಲ್ಲಾ ಕಡೆ ಕೂರುತ್ತದೆ. ಕೆಲಸದ ಹುಡುಗ ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗು ಎತ್ತಿಕೊಳ್ಳುತ್ತಾನೆ. ಬ್ಯಾಟರಿ ವಾಪಸ್ ಪಡೆಯಬೇಕು ಅನ್ನುವ ನಿಯಮ 2001ರಿಂದ ಇದೆ, 2022ರಲ್ಲಿ ಹೊಸದೂ ಬಂತು. ಶೆಡ್ ಮುಚ್ಚಿತಾ? ಇಲ್ಲ, ಎರಡು ಬೀದಿ ಆಚೆ ಹೋಯಿತು.

ಹಾಸನದ_ಡಾಕ್ಟ್ರಮ್ಮ
ಇಂಥ ಮಕ್ಕಳು ನಮ್ಮ ಹತ್ತಿರ ಬರುವುದು ಹೊಟ್ಟೆನೋವು, ರಕ್ತಹೀನತೆ, ಓದಿನಲ್ಲಿ ಗಮನವಿಲ್ಲ ಅಂತ. ಜಂತುಹುಳ ಅಂತ ಮಾತ್ರೆ ಕೊಟ್ಟು ಕಳಿಸುವವರೇ ಜಾಸ್ತಿ. ಸೀಸ ನೋಡೋಣ ಅಂತ ಎಷ್ಟು ಜನ ಬರೆಯುತ್ತಾರೆ? 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನುವ ಸಂಸ್ಥೆಯ ಅಂದಾಜಿನ ಪ್ರಕಾರ ರಕ್ತದಲ್ಲಿ 5 ದಾಟಿದ ಮಕ್ಕಳು ಭಾರತದಲ್ಲೇ 27 ಕೋಟಿಗೂ ಜಾಸ್ತಿ. ಸಾರುಪ್ರಿಯೆ ಮಗಳಿಗೆ ನ್ಯೂಜೆರ್ಸಿಯಲ್ಲಿ ಗೊತ್ತಾಯಿತು. ಮೈಸೂರಲ್ಲೇ ಇದ್ದಿದ್ದರೆ ಯಾರೂ ನೋಡುತ್ತಲೇ ಇರಲಿಲ್ಲ.

ಜಯನಗರ_4ನೇಬ್ಲಾಕ್
ಬೆಂಗಳೂರಲ್ಲಿ ಮಾಡಿಸಬಹುದಾ? ಮಗನಿಗೆ ಮೂರು ವರ್ಷ.

ಹಾಸನದ_ಡಾಕ್ಟ್ರಮ್ಮ
ಖಂಡಿತ. ದೊಡ್ಡ ಲ್ಯಾಬ್‌ಗಳಲ್ಲಿ ಆಗುತ್ತದೆ. ಸೀಸದ ವಿಷಯದಲ್ಲಿ ಬೆಂಗಳೂರು ಹಿಂದೆ ಬಿದ್ದ ಊರೇನಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದಕ್ಕಾಗಿ ದಶಕಗಟ್ಟಲೆ ಓಡಾಡಿದವರು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ 10 ದಾಟಿತ್ತು. ಆಗ ಪೆಟ್ರೋಲ್‌ನಲ್ಲೇ ಸೀಸ ಇತ್ತು. 2000ದಲ್ಲಿ ಅದು ಹೋಯಿತು. ಗೋಡೆ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ ಸೀಸ) ಮಿತಿ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಕಿಟಕಿ, ಗೇಟು, ತೊಟ್ಟಿಲು ಕೆರೆದು ಬಣ್ಣ ಹೊಡೆಸುವಾಗ ಮಕ್ಕಳನ್ನು ಬೇರೆ ಕಡೆ ಕಳಿಸಿ.

ಜಯನಗರ_4ನೇಬ್ಲಾಕ್
ನಮ್ಮನೆ ಕಿಟಕಿ 1988ರವು. ಮಗ ಅಲ್ಲೇ ಕೂತು ಬಸ್ ನೋಡೋದು. ಒಳ್ಳೇ ಕೆಲಸ ಆಯ್ತು.

ಅರಗಿನ_ಬಣ್ಣ
ಆಟಿಕೆ ಬೇಕಾದರೆ ನಮ್ಮೂರಿನವು ತಗೊಳ್ಳಿ 🙂 ಚನ್ನಪಟ್ಟಣದವಳು. ಹಾಲೆ ಮರ, ಅರಗು, ಅರಿಶಿನದಂಥ ಬಣ್ಣ. ಲೇತ್ ಮೇಲೆ ಗೊಂಬೆ ಗಿರಗಿರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಗರಿ ಒತ್ತಿ ಹಿಡಿದರೆ ಹೊಳಪು. ಆದರೆ ಹೆದ್ದಾರಿ ಪಕ್ಕ ತೂಗುಹಾಕಿದ್ದೆಲ್ಲಾ ನಮ್ಮದಲ್ಲ. ಬಣ್ಣ ಯಾವುದು ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ.

ಶಿರಸಿ_ವೈದ್ಯ_ಮನೆತನ
ಆ ಹಾಳೆಯಲ್ಲಿ ಆಯುರ್ವೇದ ಅಂತ ಸೇರಿಸಿದ್ದಕ್ಕೆ ನನ್ನ ಆಕ್ಷೇಪ ಇದೆ. ಸೀಸದಿಂದ ಮಾಡುವ ನಾಗಭಸ್ಮಕ್ಕೆ ಶೋಧನೆ (ಶುದ್ಧಿ ಮಾಡುವುದು), ಮಾರಣ (ಸುಟ್ಟು ಭಸ್ಮ ಮಾಡುವುದು) ಅಂತ ಕ್ರಮ ಇದೆ. ಸರಿಯಾಗಿ ಮಾಡಿದರೆ ವಿಷ ಉಳಿಯುವುದಿಲ್ಲ.

ರಸಾಯನ_ಮೇಷ್ಟ್ರು
ಗೌರವದಿಂದಲೇ ಹೇಳುತ್ತೇನೆ, ಎಷ್ಟು ಸಲ ಸುಟ್ಟರೂ ಸೀಸ ಸೀಸವೇ. ಅದರ ರೂಪ ಬದಲಾಗುತ್ತದೆ, ಅದು ಮಾಯ ಆಗುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಕಷಾಯ, ಲೇಹ್ಯಕ್ಕೆ ನನ್ನ ತಕರಾರಿಲ್ಲ. ಒಂದು ವರ್ಷದ ಮಗುವಿಗೆ ಭಸ್ಮ ಮಾತ್ರ ಬೇಡ.

ಶಿರಸಿ_ವೈದ್ಯ_ಮನೆತನ
ಮಗುವಿಗೆ ಕೊಡಿ ಅಂತ ನಾನೂ ಹೇಳಲ್ಲ. ಆನ್‌ಲೈನ್‌ನಲ್ಲಿ ತಗೊಂಡು ತಾವೇ ನುಂಗುವವರಿಗೆ ವೈದ್ಯರು ಹೊಣೆಯಲ್ಲ ಅಷ್ಟೇ.

ಮಂಡ್ಯದ_ಗೃಹಿಣಿ
ಕುಂಕುಮ? ದಿನಾ ಹಚ್ಚುತ್ತೇವಲ್ಲ.

ಸಿಯಾಟಲ್_ಸೋನೆಮಳೆ
ಅರಿಶಿನಕ್ಕೆ ಸುಣ್ಣ, ಬಿಳಿಗಾರ ಸೇರಿಸಿ ಮಾಡಿದ ಕುಂಕುಮ ಗಾಢ ಕೆಂಪಗಿರುತ್ತದೆ. ಕಿತ್ತಳೆ ಮಿಶ್ರಿತ ಕಣ್ಣು ಕುಕ್ಕುವ ಕೆಂಪು ಇದ್ದರೆ ಕೆಂಪು ಸೀಸವನ್ನು ಅನುಮಾನಿಸಬೇಕು. 2017ರಲ್ಲಿ ನ್ಯೂಜೆರ್ಸಿ ಮತ್ತು ಭಾರತದ ಅಂಗಡಿಗಳಿಂದ ತಂದ ನೂರಕ್ಕೂ ಹೆಚ್ಚು ಸಿಂಧೂರದ ಮಾದರಿ ನೋಡಿದ್ದರು. ಸುಮಾರು ಐದರಲ್ಲಿ ನಾಲ್ಕರಲ್ಲಿ ಸೀಸ ಇತ್ತು, ಕೆಲವಲ್ಲಿ ತೀರಾ ಜಾಸ್ತಿ. ಚರ್ಮದಿಂದ ಹೋಗುವುದು ಕಡಿಮೆ. ಮಗು ಹಣೆ ಮುಟ್ಟಿ ಬೆರಳು ಚೀಪಿದರೆ ಹೊಟ್ಟೆಗೇ ಹೋಯಿತು.

ಸಾರುಪ್ರಿಯೆ
ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಇದೆ. ಇಲ್ಲಿನ ಆರೋಗ್ಯ ಇಲಾಖೆಯಿಂದ ಒಬ್ಬರು ಬಂದಿದ್ದರು, ಕೈಯಲ್ಲಿ ಹೇರ್ ಡ್ರೈಯರ್ ಥರದ ಎಕ್ಸ್‌ರೇ ಯಂತ್ರ. ಪಾತ್ರೆಗೆ ಒತ್ತಿ ಹಿಡಿದರೆ ಪರದೆಯ ಮೇಲೆ ಯಾವ ಲೋಹ ಎಷ್ಟು ಅಂತ ಬರುತ್ತದೆ. ಅರಿಶಿನ, ಸಾರಿನ ಪುಡಿ ಲ್ಯಾಬ್‌ಗೆ ಹೋಗಿ ಬಂತು, ಎರಡೂ ಚೆನ್ನಾಗಿವೆ. ಅತ್ತೆ ಗೆದ್ದರು. ಕುಂಕುಮವೂ ಸರಿ. ಗಂಟೆಯಲ್ಲಿ ಸೀಸ ಇದೆ. ಕುಕ್ಕರ್‌ನಲ್ಲಿ ಸ್ವಲ್ಪ. ಈಯದ ಚೊಂಬಿಗೆ ಹಿಡಿದಾಗ ಆಕೆ ಎರಡನೇ ಸಲ ಒತ್ತಿ ನೋಡಿದರು. ತವರಕ್ಕಿಂತ ಸೀಸವೇ ಜಾಸ್ತಿ.

ಮಗಳಿಗೆ ಎಂಟನೇ ತಿಂಗಳಿಂದ ಅದರದ್ದೇ ಸಾರನ್ನ. ಈಗ ಎಲ್ಲಾ ಸ್ಟೀಲ್. ಮೊನ್ನೆಯ ಪರೀಕ್ಷೆಯಲ್ಲಿ 5.1ಕ್ಕೆ ಇಳಿದಿದೆ.

ದಾವಣಗೆರೆ_ಬೆಣ್ಣೆ
ಅಬ್ಬಾ, ಒಳ್ಳೇದಾಯ್ತು. ಚೊಂಬು ಎಲ್ಲಿ ತಗೊಂಡಿದ್ದು? ಅಂಗಡಿ ಹೆಸರು ಹಾಕಿ.

ಸಾರುಪ್ರಿಯೆ
ಹಾಕಲ್ಲ. ಅವನಿಗೂ ಯಾರೋ ಎರಕದವನು ಕೊಟ್ಟಿದ್ದು. ಬಿಲ್ಲೂ ಇಲ್ಲ.

ಪೀಣ್ಯ_ಲೇತು
ಬಿಲ್ ಕೇಳುವುದನ್ನು ಮೊದಲು ಶುರು ಮಾಡಬೇಕು. ಅದರ ಮೇಲೆ "ಶುದ್ಧ ತವರ" ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲೇ ಗೊತ್ತಾಗುತ್ತೆ.

ಹಳೇಮೈಸೂರು_ಹುಲಿ
ಅಜ್ಜಿಯ ಚೊಂಬು ಈಗ ನನ್ನ ಹತ್ತಿರವೇ ಇದೆ. ಮೇಷ್ಟ್ರೇ, ಬಗ್ಗಿಸಲು ಮನಸ್ಸಿಲ್ಲ. ಬೇರೆ ದಾರಿ ಹೇಳಿ.

ರಸಾಯನ_ಮೇಷ್ಟ್ರು
ಅಡುಗೆಮನೆ ತಕ್ಕಡಿ, ಡಿಜಿಟಲ್ ಇದೆಯಾ? ಮೊದಲು ಒಣ ಚೊಂಬನ್ನು ತೂಗಿ. ಆಮೇಲೆ ನೀರು ತುಂಬಿದ ಅಗಲ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಚೊಂಬನ್ನು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ ತಾಗಬಾರದು, ಒಳಗೆ ಗಾಳಿ ಗುಳ್ಳೆ ಇರಬಾರದು. ತಕ್ಕಡಿ ತೋರಿಸುವ ಗ್ರಾಂ ಅಂದರೆ ಚೊಂಬಿನ ಗಾತ್ರ. ಮೊದಲ ತೂಕವನ್ನು ಅದರಿಂದ ಭಾಗಿಸಿ. ಶುದ್ಧ ತವರಕ್ಕೆ 7.3 ಬರಬೇಕು. ಸೀಸಕ್ಕೆ 11.3.

ಹಳೇಮೈಸೂರು_ಹುಲಿ
620 ಗ್ರಾಂ. ಮುಳುಗಿಸಿದಾಗ 78.

ರಸಾಯನ_ಮೇಷ್ಟ್ರು
7.95. ಬರೀ ತವರ, ಸೀಸ ಎರಡೇ ಇವೆ ಅಂದುಕೊಂಡರೆ ತೂಕದಲ್ಲಿ ಕಾಲು ಭಾಗದ ಹತ್ತಿರ ಸೀಸ. ತಕ್ಕಡಿ ಮೂರ್ನಾಲ್ಕು ಗ್ರಾಂ ಆಚೀಚೆ ಆದರೂ ಶುದ್ಧ ತವರ ಅಂತೂ ಅಲ್ಲ.

ಹಳೇಮೈಸೂರು_ಹುಲಿ
ಮತ್ತೆ ತೂಗಿದೆ. 79.

ರಸಾಯನ_ಮೇಷ್ಟ್ರು
7.85. ದೊಡ್ಡ ವ್ಯತ್ಯಾಸ ಇಲ್ಲ ಸಾರ್.

ಅರಗಿನ_ಬಣ್ಣ
ಹುಲಿ ಸಾರ್, ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಂಗಿಸುತ್ತಿಲ್ಲ, ನಿಜಕ್ಕೂ ಹೇಳುತ್ತಿದ್ದೇನೆ.

ಹಳೇಮೈಸೂರು_ಹುಲಿ
ನನಗಿಂತ ಮೊಮ್ಮಗನಿಗೆ ಮಾಡಿಸುತ್ತೇನೆ, ಭಾನುವಾರ ಬಂದರೆ ಇದರದ್ದೇ ಸಾರು ಅವನಿಗೆ. ಚೊಂಬನ್ನು ಏನು ಮಾಡಲಿ? ಗುಜರಿಗೆ ಹಾಕಿದರೆ ಕರಗಿಸಿ ಇನ್ಯಾರಿಗೋ ಮಾರುತ್ತಾರೆ.

ಪೀಣ್ಯ_ಲೇತು
ಗುಜರಿ ಬೇಡವೇ ಬೇಡ. ಪರವಾನಗಿ ಇರುವ ಇ-ತ್ಯಾಜ್ಯದವರನ್ನು ಕೇಳಿ ನೋಡಿ, ಬೆಸುಗೆ ತವರ ಅಂದರೆ ಕೆಲವರು ತಗೊಳ್ಳುತ್ತಾರೆ. ಅಲ್ಲಿಯವರೆಗೆ ತಳದಲ್ಲಿ ಮೊಳೆ ಹೊಡೆದು ಒಂದು ತೂತು ಮಾಡಿಡಿ. ಮನೆಯವರು ಯಾರೂ ಮತ್ತೆ ಒಲೆ ಮೇಲೆ ಇಡಲ್ಲ.